ರೋಮನ್ ದೇವತೆಗಳು ಮತ್ತು ಅವರ ಗ್ರೀಕ್ ಪ್ರತಿರೂಪಗಳು: ಕನ್ನಡ ನೆಲದ ಕುರುಹುಗಳು

ಪ್ರಾಚೀನ ರೋಮನ್ನರು ತಮ್ಮ ದೇವತೆಗಳನ್ನು ಗ್ರೀಕ್ ದೇವತೆಗಳೊಂದಿಗೆ ಜೋಡಿಸಿಕೊಂಡಿದ್ದರು. ಜೂಪಿಟರ್ ಎಂದರೆ ಝ್ಯೂಸ್, ಜೂನೋ ಎಂದರೆ ಹೀರಾ, ನೆಪ್ಚೂನ್ ಎಂದರೆ ಪೊಸೈಡನ್, ಮಿನರ್ವಾ ಎಂದರೆ ಅಥೀನಾ, ಮಾರ್ಸ್ ಎಂದರೆ ಏರಿಸ್, ವೀನಸ್ ಎಂದರೆ ಆಫ್ರೊಡೈಟಿ, ಮರ್ಕ್ಯುರಿ ಎಂದರೆ ಹರ್ಮಿಸ್, ಸ್ಯಾಟರ್ನ್ ಎಂದರೆ ಕ್ರೋನಸ್. ಪಠ್ಯಪುಸ್ತಕಗಳು ಈ ಹೆಸರುಗಳನ್ನು ಎದುರುಬದುರು ಬರೆದು ಮುಗಿಸುತ್ತವೆ. ಅದರಿಂದ ರೋಮನ್ನರು ಗ್ರೀಕ್ ದೇವರುಗಳನ್ನೇ ಎತ್ತಿಕೊಂಡು ಹೆಸರು ಬದಲಾಯಿಸಿದರು ಎಂಬ ತಪ್ಪು ಕಲ್ಪನೆ ಬೆಳೆದಿದೆ. ನಡೆದದ್ದು ಬೇರೆ. ಇಬ್ಬರಿಗೂ ಮೊದಲಿನಿಂದಲೇ ತಮ್ಮ ತಮ್ಮ ದೇವತೆಗಳಿದ್ದರು. ವ್ಯಾಪಾರ, ಯುದ್ಧ, ಕಾವ್ಯಗಳ ಒಡನಾಟದಲ್ಲಿ ಒಬ್ಬರ ದೇವತೆಗೆ ಇನ್ನೊಬ್ಬರ ಹೆಸರು ಅನುವಾದವಾಗಿ ಸಿಕ್ಕಿತು.

ಕೆಲವು ಜೋಡಿಗಳಿಗೆ ನಿಜವಾದ ರಕ್ತಸಂಬಂಧವೂ ಇದೆ. ಜೂಪಿಟರ್, ಝ್ಯೂಸ್ ಮತ್ತು ಋಗ್ವೇದದ ದ್ಯೌಸ್ ಪಿತೃ ಒಂದೇ ಮೂಲದ ಹೆಸರುಗಳು; ಮೂವರೂ ಆಕಾಶದ ತಂದೆ. ಒಲೆಯ ದೇವತೆಗಳಾದ ರೋಮಿನ ವೆಸ್ಟಾ, ಗ್ರೀಸಿನ ಹೆಸ್ಟಿಯಾ ಇವರ ಹೆಸರುಗಳನ್ನೂ ಕೆಲವು ವಿದ್ವಾಂಸರು ಒಂದೇ ಬೇರಿಗೆ ಸೇರಿಸುತ್ತಾರೆ. ಉಳಿದ ಜೋಡಿಗಳು ಇತಿಹಾಸದ ಕೂಡಿಕೆಗಳು. ದಕ್ಷಿಣ ಇಟಲಿಯ ಗ್ರೀಕ್ ವಸಾಹತುಗಳೂ ಉತ್ತರದ ಎಟ್ರುಸ್ಕನ್ನರೂ ಇದಕ್ಕೆ ದಾರಿಯಾದರು. ಕ್ರಿ.ಪೂ. 431ರಲ್ಲಿ ರೋಮಿನಲ್ಲಿ ಅಪೊಲೊಗೆ ಗುಡಿ ಎದ್ದಿತು. ಅದಕ್ಕೆ ಹರಕೆ ಹೊತ್ತದ್ದು ಊರಿಗೆ ರೋಗ ಬಡಿದಾಗ. ಅಪೊಲೊಗೆ ಹೊಂದುವ ದೇವತೆ ರೋಮಿನಲ್ಲಿ ಇರಲಿಲ್ಲ, ಆದ್ದರಿಂದ ಅವನು ಗ್ರೀಕ್ ಹೆಸರಿನಲ್ಲೇ ಉಳಿದ. ಕ್ರಿ.ಪೂ. 3ನೇ ಶತಮಾನದಲ್ಲಿ ಲಿವಿಯಸ್ ಆಂಡ್ರೊನಿಕಸ್ ಹೋಮರನ ಒಡಿಸ್ಸಿಯನ್ನು ಲ್ಯಾಟಿನ್‌ಗೆ ತರುವಾಗ ದೇವತೆಗಳಿಗೂ ಲ್ಯಾಟಿನ್ ಹೆಸರನ್ನೇ ಕೊಟ್ಟ. ಗ್ರೀಕರ ಕಾವ್ಯದೇವತೆಯ ಜಾಗಕ್ಕೆ ರೋಮಿನ ಬುಗ್ಗೆಯ ದೇವತೆ ಕಮೀನಾ ಬಂದಳು. ಕ್ರಿ.ಪೂ. 217ರಲ್ಲಿ ಹ್ಯಾನಿಬಲ್‌ನಿಂದ ಸೋತು ಕಂಗೆಟ್ಟ ರೋಮನ್ನರು ಹನ್ನೆರಡು ದೇವತೆಗಳನ್ನು ಎರಡೆರಡಾಗಿ ಪೀಠಗಳಲ್ಲಿ ಕೂರಿಸಿ ಔತಣವಿಟ್ಟರು. ಆ ಹನ್ನೆರಡು ಗ್ರೀಕರ ಒಲಿಂಪಸ್ಸಿನ ಲೆಕ್ಕವನ್ನೇ ಅನುಸರಿಸಿತ್ತು.

ಹೆಸರು ಕೂಡಿದರೂ ಪೂಜೆ ಕೂಡಲಿಲ್ಲ. ಗ್ರೀಕ್ ಕಾವ್ಯದಲ್ಲಿ ಏರಿಸ್ ರಕ್ತದಾಹಿ, ತಂದೆ ಝ್ಯೂಸನಿಗೂ ಬೇಡವಾದ ಮಗ. ರೋಮಿನ ಮಾರ್ಸ್ ಊರಿನ ಮೂಲಪುರುಷ ರೋಮುಲಸ್‌ನ ತಂದೆ, ಹೊಲ ಕಾಯುವವನು. ಕ್ರಿ.ಪೂ. 2ನೇ ಶತಮಾನದ ಕೇಟೋ ಬರೆದ ಬೇಸಾಯದ ಕೈಪಿಡಿಯಲ್ಲಿ ರೈತ ಜಮೀನಿನ ಸುತ್ತ ಹಂದಿ, ಕುರಿ, ಹೋರಿಗಳನ್ನು ನಡೆಸಿ ಮಾರ್ಸ್‌ಗೆ ಬಲಿ ಕೊಡುವ ಕ್ರಮವಿದೆ. ಕನ್ನಡದ ಓದುಗರಿಗೆ ಇದು ಹೊಸದಲ್ಲ. ಊರ ಮಾರಮ್ಮನನ್ನು ಪಾರ್ವತಿಯ ಅಂಶವೆಂದು ಕರೆದ ಮಾತ್ರಕ್ಕೆ ಅವಳ ಜಾತ್ರೆ, ತಂಬಿಟ್ಟಿನಾರತಿ, ಸೀಮೆಯ ಕಾವಲು ಯಾವುದೂ ಬದಲಾಗಲಿಲ್ಲ. ಎರಡು ಮುಖದ ಬಾಗಿಲ ದೇವರು ಜೇನಸ್‌ನಂಥ ಕೆಲವರಿಗೆ ಗ್ರೀಕರಲ್ಲಿ ಜೋಡಿಯೇ ಸಿಗಲಿಲ್ಲ. ಪರರ ದೇವತೆಗಳಿಗೆ ರೋಮನ್ ಹೆಸರು ಕೊಡುವ ಈ ಪದ್ಧತಿಯನ್ನು ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಜರ್ಮನ್ ಬುಡಕಟ್ಟುಗಳ ಬಗ್ಗೆ ಬರೆದ ಕೃತಿಯಲ್ಲಿ ‘ರೋಮನ್ ವ್ಯಾಖ್ಯಾನ’ ಎಂದು ಕರೆದ.

ಈ ದೇವತೆಗಳ ಗುರುತುಗಳು ಬೆಂಗಳೂರಿನ ಉತ್ತರ ಭಾಗದವರೆಗೂ ಬಂದಿವೆ. ಅಲ್ಲಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಇನ್ನೊಂದು ನಿಧಿ ಹೊರಬಂತು. ಇವು ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದವು, ಎಂದರೆ ಸುಮಾರು ಎರಡು ಸಾವಿರ ವರ್ಷ ಹಳೆಯವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಆಗಸ್ಟಸ್ ಮತ್ತು ಟೈಬೀರಿಯಸ್‌ರ ನಾಣ್ಯಗಳು ದೊರೆತಿವೆ. ಅಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ದಿನಾರಿಯಸ್ ಎಂಬ ಈ ನಾಣ್ಯದ ಹೆಸರೇ ಸಂಸ್ಕೃತದಲ್ಲಿ ದೀನಾರವಾಯಿತು.

ದಕ್ಷಿಣ ಭಾರತದ ನಿಧಿಗಳಲ್ಲಿ ಹೆಚ್ಚಾಗಿ ಸಿಗುವ ಟೈಬೀರಿಯಸ್‌ನ ನಾಣ್ಯವನ್ನು ಅಂಗೈಯಲ್ಲಿಟ್ಟು ನೋಡಿದರೆ ಈ ಇಡೀ ಚರಿತ್ರೆ ಅದರಲ್ಲೇ ಕಾಣುತ್ತದೆ. ತೂಕ ನಾಲ್ಕು ಗ್ರಾಂಗೂ ತುಸು ಕಡಿಮೆ. ಮುಂಬದಿಯಲ್ಲಿ ಎಲೆಗಳ ಕಿರೀಟ ತೊಟ್ಟ ದೊರೆಯ ತಲೆ. ಹಿಂಬದಿಯಲ್ಲಿ ಪೀಠದ ಮೇಲೆ ಕುಳಿತ ಹೆಂಗಸು, ಒಂದು ಕೈಯಲ್ಲಿ ಉದ್ದನೆಯ ಕೋಲು, ಇನ್ನೊಂದರಲ್ಲಿ ಎಲೆಯ ಕೊಂಬೆ. ಅವಳನ್ನು ಶಾಂತಿದೇವತೆ ಪ್ಯಾಕ್ಸ್ ಎಂದೂ, ಆ ದೇವಿಯ ರೂಪದಲ್ಲಿರುವ ರಾಜಮಾತೆ ಲಿವಿಯಾ ಎಂದೂ ವಿದ್ವಾಂಸರು ಗುರುತಿಸುತ್ತಾರೆ. ಪ್ಯಾಕ್ಸ್‌ಗೆ ಗ್ರೀಕ್ ಪ್ರತಿರೂಪ ಐರೀನಿ. ಇಲ್ಲಿನ ವರ್ತಕರು ಬೆಲೆ ಕಟ್ಟಿದ್ದು ಬೆಳ್ಳಿಗೆ; ದೇವತೆ ಅದರ ಜೊತೆಗೆ ಬಂದಳು.

ಗಡಿಯಾಚೆಯ ಕೊಲ್ಹಾಪುರದಲ್ಲಿ ಸಿಕ್ಕಿದ್ದು ಇನ್ನೂ ಸ್ಪಷ್ಟವಾದ ಸಾಕ್ಷಿ. ಪಂಚಗಂಗಾ ದಡದ ಬ್ರಹ್ಮಪುರಿ ದಿಬ್ಬದಲ್ಲಿ 1940ರ ದಶಕದಲ್ಲಿ ದೊರೆತ ಕಂಚಿನ ವಸ್ತುಗಳಲ್ಲಿ ಪೊಸೈಡನ್‌ನ ಪುಟ್ಟ ವಿಗ್ರಹವಿತ್ತು. ಒಂದು ಗೇಣಿಗೂ ಚಿಕ್ಕದಾದ ಈ ಸಮುದ್ರದೇವನನ್ನು ರೋಮನ್ನರು ನೆಪ್ಚೂನ್ ಎಂದು ಕರೆಯುತ್ತಿದ್ದರು. ವಿಗ್ರಹ ಈಗ ಕೊಲ್ಹಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿದೆ.

ಹೆಸರು ಹಚ್ಚುವ ಕೆಲಸ ಕನ್ನಡ ಕರಾವಳಿಯ ದೇವತೆಯೊಬ್ಬಳ ಮೇಲೂ ನಡೆದಿರಬಹುದು ಎಂಬುದಕ್ಕೆ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಕ್ರಿ.ಶ. 2ನೇ ಶತಮಾನದ ಪಪೈರಸ್ ಆಧಾರ. 1903ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಪ್ರಕಟಿಸಿದ ಈ ಗ್ರೀಕ್ ಪ್ರಹಸನದ ನಾಯಕಿ ಕ್ಯಾರಿಟಿಯನ್ ಭಾರತದ ಸಮುದ್ರತೀರದ ದೊರೆಯ ಸೆರೆಯಲ್ಲಿದ್ದಾಳೆ. ಅವಳನ್ನು ಬಿಡಿಸಲು ಬಂದವರು ದೊರೆಗೂ ಅವನ ಕಡೆಯವರಿಗೂ ಮದ್ಯ ಕುಡಿಸಿ, ಹಡಗಿನಲ್ಲಿ ಪಾರಾಗುತ್ತಾರೆ. ಅಲ್ಲಿನ ಗುಡಿಯ ದೇವಿಗೆ ನಾಟಕ ಕೊಡುವ ಹೆಸರು ಸೆಲೀನಿ, ಗ್ರೀಕರ ಚಂದ್ರದೇವತೆ, ರೋಮನ್ನರ ಲೂನಾ. ದೊರೆಯ ಕಡೆಯವರ ಮಾತುಗಳಲ್ಲಿ ಕನ್ನಡವಿದೆ ಎಂದು 1904ರಲ್ಲಿ ಇ. ಹುಲ್ಟ್ಜ್ ಸೂಚಿಸಿದರು. ಆರ್. ಶಾಮಶಾಸ್ತ್ರಿ ಮತ್ತು ಮಂಜೇಶ್ವರದ ಗೋವಿಂದ ಪೈ ಆ ಚರ್ಚೆಯನ್ನು ಮುಂದುವರಿಸಿದರು. ಕುಡಿತದ ಪ್ರಸಂಗದಲ್ಲಿ ‘ಕೊಂಚ’, ‘ಮಧು’, ‘ಪಾತ್ರಕ್ಕೆ’ ಎಂಬಂಥ ಪದಗಳನ್ನು ಓದಲಾಗಿದೆ. ಎಲ್ಲರೂ ಇದನ್ನು ಒಪ್ಪಿಲ್ಲ. ಹಾಸ್ಯಕ್ಕಾಗಿ ಕಟ್ಟಿದ ಅರ್ಥವಿಲ್ಲದ ಸದ್ದು ಎನ್ನುವವರೂ ಇದ್ದಾರೆ. ಭಾಷೆ ಯಾವುದೇ ಆಗಿರಲಿ, ಪರನಾಡಿನ ದೇವಿಯನ್ನು ಸೆಲೀನಿ ಎಂದು ಕರೆದರೆ ಈಜಿಪ್ಟಿನ ಪ್ರೇಕ್ಷಕರಿಗೆ ಅರ್ಥವಾಗುತ್ತಿತ್ತು ಎಂಬುದು ಖಚಿತ.

ನಾಣ್ಯ, ವಿಗ್ರಹ, ನಾಟಕಗಳಿಗಿಂತ ಆಳವಾಗಿ ಇಳಿದದ್ದು ವಾರಗಳ ಲೆಕ್ಕ. ಏಳು ಗ್ರಹಗಳ ಹೆಸರಿನ ವಾರ ಗ್ರೀಕ್-ರೋಮನ್ ಜ್ಯೋತಿಷದಿಂದ ಭಾರತಕ್ಕೆ ಬಂತು. ರೋಮನ್ನರು ಮಾರ್ಸ್, ಮರ್ಕ್ಯುರಿ, ಜೂಪಿಟರ್, ವೀನಸ್, ಸ್ಯಾಟರ್ನ್ ವಾರಗಳೆಂದು ಕರೆದ ದಿನಗಳೇ ಕನ್ನಡದ ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ, ಶನಿವಾರ. ಅನುಕ್ರಮದಲ್ಲಿ ಒಂದು ದಿನವೂ ಹಿಂದುಮುಂದಾಗಿಲ್ಲ. ಆದರೆ ಇಲ್ಲಿ ಜೋಡಿಯಾದದ್ದು ಗ್ರಹ, ದೇವರಲ್ಲ. ವೀನಸ್ ಪ್ರೇಮದ ದೇವಿ. ಶುಕ್ರ ಅಸುರರ ಗುರು, ಗಂಡಸು. 6ನೇ ಶತಮಾನದ ವರಾಹಮಿಹಿರ ಬೃಹಜ್ಜಾತಕದಲ್ಲಿ ಗ್ರಹಗಳಿಗೆ ಕೊಟ್ಟ ಪರ್ಯಾಯ ಹೆಸರುಗಳಲ್ಲಿ ಗ್ರೀಕ್ ಧ್ವನಿ ಇನ್ನೂ ಕೇಳಿಸುತ್ತದೆ: ಸೂರ್ಯನಿಗೆ ಹೇಲಿ, ಅದು ಹೀಲಿಯಸ್, ಕುಜನಿಗೆ ಆರ, ಅದು ಏರಿಸ್, ಶುಕ್ರನಿಗೆ ಆಸ್ಫುಜಿತ್, ಅದು ಆಫ್ರೊಡೈಟಿ, ಶನಿಗೆ ಕೋಣ, ಅದು ಕ್ರೋನಸ್. ಪಂಚಾಂಗದ ‘ಹೋರೆ’ಯೂ ಗ್ರೀಕರ ‘ಹೋರಾ’ ಪದವೇ. ವಾರದ ಹೆಸರು ಇರುವ ಭಾರತೀಯ ಶಾಸನಗಳಲ್ಲಿ ಅತಿ ಹಳೆಯದೆಂದು ಗುರುತಿಸಲಾಗಿರುವುದು ಮಧ್ಯಪ್ರದೇಶದ ಎರಣ್‌ನದು, ಕಾಲ ಕ್ರಿ.ಶ. 484. ಅದರಲ್ಲಿ ನಮೂದಾದ ದಿನ ಗುರುವಾರ. ರೋಮನ್ನರಿಗೆ ಅದು ಜೂಪಿಟರನ ವಾರ, ಗ್ರೀಕರಿಗೆ ಝ್ಯೂಸನ ವಾರ.