ಕ್ಯಾನ್ಸರ್ ವಾರ್ಡಿಗೆ ವ್ಯಾಯಾಮ ಬಂದ ದಾರಿ

‘ರಕ್ತದ ಕೌಂಟ್ ಬಿದ್ದಿದೆ, ಏಳಬೇಡ, ಮಲಗಿರು.’ ಮಕ್ಕಳಿಗೆ ಕೀಮೊ ಕೊಡುವ ಯಾವ ವಾರ್ಡಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ತಾಯಿ ಹೇಳುತ್ತಾಳೆ, ನೋಡಲು ಬಂದ ಅಜ್ಜಿ ಹೇಳುತ್ತಾರೆ, ಒಮ್ಮೊಮ್ಮೆ ನರ್ಸ್ ಕೂಡ ಹೇಳುತ್ತಾರೆ. ಅದರಲ್ಲಿರುವುದು ಪ್ರೀತಿ, ಜೊತೆಗೆ ಭಯ. ಆದರೆ ಎದ್ದು ನಾಲ್ಕು ಹೆಜ್ಜೆ ಹಾಕಬಲ್ಲ ಮಗುವನ್ನು ಮಲಗಿಸಿಯೇ ಇಟ್ಟರೆ, ರೋಗದ ಪೆಟ್ಟು, ಔಷಧಿಯ ಪೆಟ್ಟುಗಳ ಮೇಲೆ ಹಾಸಿಗೆಯ ಪೆಟ್ಟೂ ಬೀಳುತ್ತದೆ. ವೈದ್ಯಲೋಕ ಇದನ್ನು ಒಪ್ಪಿಕೊಳ್ಳಲು ಅರ್ಧ ಶತಮಾನ ಹಿಡಿಯಿತು.

ತಡವಾದದ್ದಕ್ಕೆ ಕಾರಣವಿದೆ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1948ರಲ್ಲಿ ರಕ್ತ ಕ್ಯಾನ್ಸರ್‌ನ 16 ಮಕ್ಕಳಿಗೆ ಅಮಿನೊಪ್ಟೆರಿನ್ ಕೊಟ್ಟ ವರದಿ ಪ್ರಕಟಿಸಿದರು. ಹತ್ತು ಮಕ್ಕಳು ಚೇತರಿಸಿಕೊಂಡರು, ಆದರೆ ಕೆಲವೇ ತಿಂಗಳ ಮಟ್ಟಿಗೆ. ಆ ಔಷಧಿ ಹೊರಬಂದದ್ದು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಮುನ್ನಡೆಸುತ್ತಿದ್ದ ಲೆಡರ್ಲೆ ಪ್ರಯೋಗಾಲಯದಿಂದ. ಮುಂದೆ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಹಲವು ಔಷಧಿಗಳನ್ನೂ ವಿಕಿರಣವನ್ನೂ ಒಟ್ಟಿಗೆ ಬಳಸಿದರು. 1960ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಅರ್ಧದಷ್ಟು ಮಕ್ಕಳು ಗುಣವಾಗತೊಡಗಿದರು. ಮಗು ಬದುಕುತ್ತದೆಯೋ ಇಲ್ಲವೋ ಎಂಬುದೇ ಪ್ರಶ್ನೆಯಾಗಿದ್ದ ಕಾಲದಲ್ಲಿ, ಬದುಕಿದ ಮೇಲೆ ಶಾಲೆಯ ಮೆಟ್ಟಿಲು ಹತ್ತಬಲ್ಲುದೇ ಎಂದು ಯಾರು ಕೇಳಿಯಾರು?

ಹಾಸಿಗೆಯ ಅಪಾಯ ಮೊದಲು ಅಳತೆಗೆ ಸಿಕ್ಕಿದ್ದು ಕ್ಯಾನ್ಸರ್‌ಗೆ ಸಂಬಂಧವೇ ಇಲ್ಲದ ಕಡೆ. 1966ರಲ್ಲಿ ಡಲ್ಲಾಸ್‌ನಲ್ಲಿ ಇಪ್ಪತ್ತರ ವಯಸ್ಸಿನ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆ ಬಿಟ್ಟೇಳದಂತೆ ಮಲಗಿಸಿದರು. ಆಮ್ಲಜನಕವನ್ನು ಬಳಸಿಕೊಳ್ಳುವ ದೇಹದ ಗರಿಷ್ಠ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂರು ದಶಕಗಳ ಮುಪ್ಪಿಗಿಂತ ಆ ಮೂರು ವಾರಗಳೇ ದೇಹವನ್ನು ಹೆಚ್ಚು ಕುಗ್ಗಿಸಿದ್ದವು ಎಂದು ತಿಳಿಯಿತು. ರೋಗವಿಲ್ಲದ ದೇಹದ ಪಾಡೇ ಇದಾದರೆ, ಕೀಮೊ ಏರುತ್ತಿರುವ ಹದಿನಾರರ ಹುಡುಗಿಯ ಪಾಡನ್ನು ಬೇರೆ ಹೇಳಬೇಕಿಲ್ಲ.

ಜನರ ಕಣ್ಣು ತೆರೆಸಿದ್ದು ಟೆರಿ ಫಾಕ್ಸ್. ಮೂಳೆ ಕ್ಯಾನ್ಸರ್‌ನಿಂದಾಗಿ 1977ರಲ್ಲಿ ಬಲಗಾಲು ಕಳೆದುಕೊಂಡ ಈ ಕೆನಡಾದ ತರುಣ, 1980ರ ಏಪ್ರಿಲ್‌ನಲ್ಲಿ ಕೃತಕ ಕಾಲಿನ ಮೇಲೆ ದೇಶದ ಉದ್ದಕ್ಕೂ ಓಡಲು ಹೊರಟ. ರೋಗ ಶ್ವಾಸಕೋಶಕ್ಕೆ ಹರಡಿ ನಿಲ್ಲಬೇಕಾಗಿ ಬಂದಾಗ 143 ದಿನಗಳಲ್ಲಿ 5,373 ಕಿ.ಮೀ. ಓಡಿದ್ದ. ಮರುವರ್ಷ, 22ರ ವಯಸ್ಸಿನಲ್ಲಿ ತೀರಿಕೊಂಡ. ಅವನ ಮೇಲೆ ನನಗೆ ಅಪಾರ ಗೌರವ. ಆದರೂ ಇಂಥ ವೀರಗಾಥೆಗಳಿಂದ ಒಂದು ತೊಡಕೂ ಆಯಿತೆನಿಸುತ್ತದೆ. ವ್ಯಾಯಾಮವೆಂದರೆ ಎದೆಗಾರಿಕೆ ಇದ್ದವರ ಪಾಲಿನದು ಎಂಬ ಭಾವನೆ ಬೆಳೆಯಿತು. ಎರಡನೇ ಮಹಡಿಯ ತರಗತಿಗೆ ಹತ್ತಲಾಗದ ಹುಡುಗಿಗೆ ಬೇಕಿರುವುದು ವಾರಕ್ಕೆ ಮೂರು ಸಲ ಬಂದು ಕಾಲಿಗೆ ಕೆಲಸ ಕೊಡುವ ಫಿಸಿಯೋಥೆರಪಿಸ್ಟ್.

ಸಂಶೋಧನೆಯ ಬಾಗಿಲು ತೆರೆದವರಲ್ಲಿ ನರ್ಸ್‌ಗಳು ಮುಂದಿದ್ದರು. 1980ರ ದಶಕದಲ್ಲಿ ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ಮೆರಿಲ್ ವಿನ್ನಿಂಗ್‌ಹ್ಯಾಮ್ ಮತ್ತು ಸಂಗಡಿಗರು, ಕೀಮೊ ಪಡೆಯುತ್ತಿದ್ದ ಸ್ತನ ಕ್ಯಾನ್ಸರ್ ರೋಗಿಗಳನ್ನು ವ್ಯಾಯಾಮದ ಸೈಕಲ್ ಮೇಲೆ ಕೂರಿಸಿದರು. ಸುಸ್ತಾಗಿರುವವರನ್ನು ದಣಿಸುವುದೇ ಎಂದು ಹುಬ್ಬೇರಿಸುತ್ತಿದ್ದ ಕಾಲವದು. ಆದರೆ ಸೈಕಲ್ ತುಳಿದವರ ಶಕ್ತಿ ಹೆಚ್ಚಿತು. 1997ರಲ್ಲಿ ಜರ್ಮನಿಯ ಫರ್ನಾಂಡೊ ಡಿಮೆಯೊ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಭಾರೀ ಪ್ರಮಾಣದ ಕೀಮೊ ಪಡೆದು ಆಸ್ಪತ್ರೆಯಲ್ಲೇ ಇದ್ದ ರೋಗಿಗಳಿಗೆ, ಮಲಗಿದಲ್ಲೇ ಪೆಡಲ್ ತುಳಿಯುವ ಸಾಧನ ಜೋಡಿಸಿ ದಿನಕ್ಕೆ ಅರ್ಧ ಗಂಟೆ, ನಡುನಡುವೆ ಬಿಡುವು ಕೊಡುತ್ತಾ, ತುಳಿಸಿದರು. ಅವರ ದೇಹಶಕ್ತಿ ಕಡಿಮೆ ಕುಸಿಯಿತು, ನೋವು ತಗ್ಗಿತು, ರಕ್ತಕಣಗಳು ಬೇಗ ಚೇತರಿಸಿಕೊಂಡವು, ಮನೆಗೂ ಬೇಗ ಹೋದರು.

ಇವೆಲ್ಲ ದೊಡ್ಡವರ ಮೇಲಿನ ಅಧ್ಯಯನಗಳು. ಮಕ್ಕಳ ಮತ್ತು ಹದಿಹರೆಯದವರ ಕಡೆ ಗಮನ ತಿರುಗಿದ್ದು, ಬದುಕುಳಿದವರು ಬೆಳೆದು ದೊಡ್ಡವರಾದ ಮೇಲೆ ಅವರ ಲೆಕ್ಕ ಹಿಡಿದಾಗ. ಅಮೆರಿಕದಲ್ಲಿ 1994ರಲ್ಲಿ ಶುರುವಾದ ‘ಚೈಲ್ಡ್‌ಹುಡ್ ಕ್ಯಾನ್ಸರ್ ಸರ್ವೈವರ್ ಸ್ಟಡಿ’ ಸಾವಿರಾರು ಜನರನ್ನು ದಶಕಗಟ್ಟಲೆ ಹಿಂಬಾಲಿಸಿತು. 2006ರಲ್ಲಿ ಅದರ ವರದಿ ಹೊರಬಂದಾಗ ಹಲವರು ಬೆಚ್ಚಿದರು. ಬಾಲ್ಯದಲ್ಲಿ ಕ್ಯಾನ್ಸರ್‌ನಿಂದ ಗುಣವಾದ 10,397 ಜನರಲ್ಲಿ ಶೇಕಡಾ 62.3 ಮಂದಿಗೆ ಒಂದಾದರೂ ದೀರ್ಘಕಾಲದ ಕಾಯಿಲೆ ಇತ್ತು, ಕಾಲು ಭಾಗಕ್ಕಿಂತ ಹೆಚ್ಚು ಜನರಿಗೆ ಅದು ತೀವ್ರ ಅಥವಾ ಪ್ರಾಣಕ್ಕೇ ಅಪಾಯ ತರುವಂಥದ್ದಾಗಿತ್ತು. ಅವರ ಸರಾಸರಿ ವಯಸ್ಸು ಇನ್ನೂ ಇಪ್ಪತ್ತೇಳು ಮುಟ್ಟಿರಲಿಲ್ಲ.

ಯಾವ ಚಿಕಿತ್ಸೆ ಎಲ್ಲಿ ಏಟು ಕೊಡುತ್ತದೆ ಎಂಬುದನ್ನು ಪ್ರತಿ ಮನೆಯವರೂ ತಿಳಿದಿರಬೇಕು. ವಿನ್‌ಕ್ರಿಸ್ಟಿನ್ ಎಂಬ ಕೀಮೊ ಔಷಧಿ ಕೈಕಾಲುಗಳ ನರಗಳಿಗೆ ತಾಗುತ್ತದೆ. ಪಾದವನ್ನು ಮೇಲೆತ್ತುವ ಸ್ನಾಯು ಸೋತು, ಮಗು ನಡೆಯುವಾಗ ಕಾಲ್ಬೆರಳು ನೆಲಕ್ಕೆ ತಾಗಿ ಎಡವುತ್ತದೆ. ಹಿಮ್ಮಡಿಯ ಮೇಲೆ ನಡೆದು ತೋರಿಸು ಎಂದರೆ ಆಗುವುದಿಲ್ಲ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್‌ಗಳು ಸೊಂಟ, ತೊಡೆಗಳ ಸ್ನಾಯುಗಳನ್ನು ಕರಗಿಸುತ್ತವೆ. ಕುಕ್ಕರುಗಾಲಲ್ಲಿ ಕೂತ ಹುಡುಗ ಕೈ ಊರದೆ ಏಳಲಾರ. ನೆಲದ ಮೇಲೆ ಕೂತು ಉಣ್ಣುವ, ಭಾರತೀಯ ಶೌಚಾಲಯ ಬಳಸುವ ನಮ್ಮ ಮನೆಗಳಲ್ಲಿ ಇದು ದಿನದಿನದ ಸಂಕಟ. ಹತ್ತು ವರ್ಷ ದಾಟಿದ ಮಕ್ಕಳಲ್ಲಿ ಇವೇ ಸ್ಟೀರಾಯ್ಡ್‌ಗಳಿಂದ ಸೊಂಟದ ಕೀಲಿನ ಮೂಳೆ ರಕ್ತ ಸಿಗದೆ ಸಾಯುವುದೂ ಉಂಟು. ತೊಡೆಸಂದಿನಲ್ಲೋ ಮಂಡಿಯಲ್ಲೋ ನೋವು ಬಂದರೆ ಓಟ, ಜಿಗಿತ ನಿಲ್ಲಿಸಿ ಮೊದಲು ವೈದ್ಯರಿಗೆ ತೋರಿಸಬೇಕು. ಡಾಕ್ಸೊರುಬಿಸಿನ್, ಡೌನೊರುಬಿಸಿನ್‌ಗಳ ಏಟು ಹೃದಯದ ಸ್ನಾಯುವಿಗೆ. ಅದು ವರ್ಷಗಳ ಮೇಲೆ ತಲೆಯೆತ್ತಬಹುದು. ಬ್ಲಿಯೊಮೈಸಿನ್ ಶ್ವಾಸಕೋಶವನ್ನು ಕೆಡಿಸಬಲ್ಲದು. ಮೆದುಳಿನ ಗಡ್ಡೆಗೆ ಶಸ್ತ್ರಚಿಕಿತ್ಸೆ, ವಿಕಿರಣ ಆದವರಿಗೆ ನಡೆಯುವಾಗ ಸಮತೋಲನ ತಪ್ಪುತ್ತದೆ.

ಮೂಳೆ ಕ್ಯಾನ್ಸರ್‌ನ ಕಥೆಯೇ ಬೇರೆ. ಒಂದು ಕಾಲಕ್ಕೆ ಕಾಲು ಕತ್ತರಿಸುವುದೇ ದಾರಿಯಾಗಿತ್ತು. ಕೀಮೊ ಬಲಗೊಂಡಂತೆ, ಗಡ್ಡೆಯಿರುವ ಮೂಳೆಯನ್ನಷ್ಟೇ ತೆಗೆದು ಲೋಹದ ಕೀಲು ಕೂರಿಸಿ ಕಾಲು ಉಳಿಸುವ ಶಸ್ತ್ರಚಿಕಿತ್ಸೆ ಬಂತು. 1970ರ ದಶಕದಲ್ಲಿ ವಿಯೆನ್ನಾದ ಶಸ್ತ್ರವೈದ್ಯರು ಇನ್ನೊಂದು ಮಾರ್ಗವನ್ನೂ ಈ ರೋಗಕ್ಕೆ ಬಳಸಿದರು. ರೋಗ ತಗುಲಿದ ಮಂಡಿಯ ಭಾಗವನ್ನು ತೆಗೆದು, ಕೆಳಗಾಲನ್ನು ಹಿಂದುಮುಂದಾಗಿ ತಿರುಗಿಸಿ ತೊಡೆಗೆ ಜೋಡಿಸುವುದು. ಆಗ ಕಣಕಾಲಿನ ಕೀಲೇ ಮಂಡಿಯ ಕೆಲಸ ಮಾಡುತ್ತದೆ. ನೋಡಲು ವಿಚಿತ್ರ, ಆದರೆ ಕೃತಕ ಕಾಲು ತೊಟ್ಟ ಮಕ್ಕಳು ಓಡುತ್ತಾರೆ, ಆಡುತ್ತಾರೆ. ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಶಸ್ತ್ರಚಿಕಿತ್ಸೆ ಎಷ್ಟೇ ಚೆನ್ನಾಗಿ ಆಗಲಿ, ಅಭ್ಯಾಸವಿಲ್ಲದಿದ್ದರೆ ಫಲ ಅರ್ಧ.

ಮಕ್ಕಳಿಗಾಗಿಯೇ ರೂಪಿಸಿದ ಪ್ರಯೋಗಗಳು ಬಹುಮಟ್ಟಿಗೆ ಈ ಶತಮಾನದವು. ಅಮೆರಿಕದಲ್ಲಿ ವಿಕ್ಟೋರಿಯಾ ಮಾರ್ಕೇಸಿ ಮತ್ತು ಸಂಗಡಿಗರು 2004ರಲ್ಲಿ, ರಕ್ತ ಕ್ಯಾನ್ಸರ್‌ನ ಮಕ್ಕಳಿಗೆ ಫಿಸಿಯೋಥೆರಪಿ ಕೊಟ್ಟರೆ ಕಣಕಾಲು ಚೆನ್ನಾಗಿ ಮಡಚುತ್ತದೆ, ಮಂಡಿಯ ಬಲ ಹೆಚ್ಚುತ್ತದೆ ಎಂದು ತೋರಿಸಿದರು. ಮ್ಯಾಡ್ರಿಡ್‌ನಲ್ಲಿ ಅಲೆಹಾಂದ್ರೊ ಲೂಸಿಯಾ ಅವರ ತಂಡ ಮಕ್ಕಳ ಆಸ್ಪತ್ರೆಯ ಒಳಗೇ ಜಿಮ್ ತೆರೆಯಿತು. ಮಕ್ಕಳ ಅಳತೆಯ ಉಪಕರಣಗಳಲ್ಲಿ ಹದಿನಾರು ವಾರ ತಾಲೀಮು ಮಾಡಿದವರ ಬಲವೂ ದಮ್ಮೂ ಹೆಚ್ಚಿದವು. ನನಗೆ ಇವೆರಡಕ್ಕಿಂತ ಹೆಚ್ಚು ಕಲಿಸಿದ್ದು ಸೋತ ಪ್ರಯೋಗವೊಂದು. ನೆದರ್‌ಲ್ಯಾಂಡ್ಸ್‌ನಲ್ಲಿ 51 ಮಕ್ಕಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವದು. ಎರಡು ವರ್ಷ ಮನೆಯಲ್ಲೇ ಮಾಡಿ ಎಂದು ವ್ಯಾಯಾಮ ಹೇಳಿಕೊಟ್ಟ ಮಕ್ಕಳಿಗೂ, ಮಾಮೂಲಿ ಆರೈಕೆ ಪಡೆದವರಿಗೂ ಕೊನೆಗೆ ವ್ಯತ್ಯಾಸ ಕಾಣಲಿಲ್ಲ. ಹೇಳಿಕೊಟ್ಟದ್ದನ್ನು ಬಹಳ ಮನೆಗಳಲ್ಲಿ ನಿಯಮಿತವಾಗಿ ಮಾಡಿರಲಿಲ್ಲ. ಬೇಸತ್ತ ಮಗು, ದಣಿದ ಅಪ್ಪ ಅಮ್ಮ, ಕೈಯಲ್ಲೊಂದು ಚೀಟಿ: ಅದು ಸಾಲದು. ಎದುರಿಗೆ ನಿಂತು ಮಾಡಿಸುವವರು ಬೇಕು.

ಡೆನ್ಮಾರ್ಕ್‌ನವರು 2013ರಲ್ಲಿ ಶುರುಮಾಡಿದ ‘ರೆಸ್ಪೆಕ್ಟ್’ ಯೋಜನೆ ಈ ಕೊರತೆಗೆ ಸೊಗಸಾದ ಉತ್ತರ ಕೊಟ್ಟಿತು. ರೋಗ ಪತ್ತೆಯಾದ ಮಗುವಿನ ತರಗತಿಯಿಂದ ಇಬ್ಬರು ಸಹಪಾಠಿಗಳನ್ನು ಆರಿಸಿ, ಸರದಿಯಂತೆ ಹಗಲು ಹೊತ್ತು ಆಸ್ಪತ್ರೆಗೆ ಕರೆತರುವುದು. ಪಾಠ ಒಟ್ಟಿಗೆ, ವ್ಯಾಯಾಮ ಒಟ್ಟಿಗೆ, ಆಟ ಒಟ್ಟಿಗೆ. ಗೆಳೆಯನ ಎದುರು ಚೆಂಡೆಸೆಯಲು ಯಾವ ಹುಡುಗ ಒಲ್ಲೆ ಎಂದಾನು?

ಆದರೂ ಪುರಾವೆ ತೆಳುವಾಗಿಯೇ ಇದೆ. ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ತೂಗುವ ಕೊಕ್ರೇನ್ ಪರಾಮರ್ಶೆಗೆ 2016ರಲ್ಲಿ ಸಿಕ್ಕಿದ್ದು ಆರೇ ಅಧ್ಯಯನಗಳು, 171 ಮಕ್ಕಳು ಮತ್ತು ತರುಣರು. ಲಾಭದ ಸೂಚನೆಗಳಿದ್ದವು, ಗಟ್ಟಿ ತೀರ್ಮಾನಕ್ಕೆ ಅವು ಸಾಲುತ್ತಿರಲಿಲ್ಲ. ಬದುಕುಳಿದವರ ದೀರ್ಘ ಅಧ್ಯಯನಗಳು ಹೆಚ್ಚು ಭರವಸೆ ಕೊಡುತ್ತವೆ. ಹಾಡ್ಜ್‌ಕಿನ್ ಲಿಂಫೋಮ ಎಂಬ ಕ್ಯಾನ್ಸರ್‌ನಿಂದ ಗುಣವಾದ 1,187 ಜನರಲ್ಲಿ, ವಾರಕ್ಕೆ ಮೂರು ದಿನ ಇಪ್ಪತ್ತು ನಿಮಿಷದಷ್ಟು ಬಿರುಸಿನ ವ್ಯಾಯಾಮ ಮಾಡುವವರಿಗೆ ಹೃದಯದ ತೊಂದರೆ ಅರ್ಧದಷ್ಟು ಕಡಿಮೆಯಿತ್ತು ಎಂದು 2014ರಲ್ಲಿ ತಿಳಿದುಬಂತು. 2018ರಲ್ಲಿ 15,450 ಜನರ ಲೆಕ್ಕ ನೋಡಿದಾಗ, ವ್ಯಾಯಾಮ ಮಾಡುವವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು. ಇದನ್ನು ಎಚ್ಚರದಿಂದ ಓದಬೇಕು, ಏಕೆಂದರೆ ಗಟ್ಟಿಮುಟ್ಟಾಗಿರುವವರೇ ಹೆಚ್ಚು ಓಡಾಡುತ್ತಾರೆ. ಆ ಅನುಮಾನಕ್ಕೆ ದೊಡ್ಡವರ ವಿಷಯದಲ್ಲಿ 2025ರಲ್ಲಿ ಉತ್ತರ ಸಿಕ್ಕಿತು. ಮುಖ್ಯವಾಗಿ ಕೆನಡಾ, ಆಸ್ಟ್ರೇಲಿಯಾಗಳಲ್ಲಿ 889 ಕರುಳಿನ ಕ್ಯಾನ್ಸರ್ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ‘ಚಾಲೆಂಜ್’ ಪ್ರಯೋಗದಲ್ಲಿ, ಮೂರು ವರ್ಷ ಮಾರ್ಗದರ್ಶನದಲ್ಲಿ ವ್ಯಾಯಾಮ ಮಾಡಿದವರಲ್ಲಿ ಎಂಟು ವರ್ಷಗಳ ನಂತರ ಶೇಕಡಾ 90.3 ಮಂದಿ ಬದುಕಿದ್ದರು, ಉಳಿದವರಲ್ಲಿ ಶೇಕಡಾ 83.2. ಮಕ್ಕಳಲ್ಲಿ ಇಂಥ ಪ್ರಯೋಗದ ಫಲಿತಾಂಶ ಇನ್ನೂ ಬರಬೇಕು. ಜರ್ಮನಿಯ ಮೈಂಟ್ಸ್ ನಗರದ ನೇತೃತ್ವದಲ್ಲಿ ಯುರೋಪಿನ ಹಲವು ಆಸ್ಪತ್ರೆಗಳು ‘ಫೋರ್ಟೀ’ ಎಂಬ ಪ್ರಯೋಗ ಕೈಗೊಂಡಿವೆ.

ಪುರಾವೆಗೆ ಕಾಯುತ್ತಾ ಕೂರದೆ, ಕೆನಡಾದ ಕ್ಯಾಲ್ಗರಿಯ ಸಂಶೋಧಕರು ಹಲವು ದೇಶಗಳ ತಜ್ಞರನ್ನು ಕಲೆಹಾಕಿ 2021ರಲ್ಲಿ ಮಾರ್ಗಸೂಚಿ ತಂದರು. ಕ್ಯಾನ್ಸರ್ ಇರುವ ಎಲ್ಲ ಮಕ್ಕಳಿಗೂ ಚಲನೆ ಮುಖ್ಯ, ಅದು ಸುರಕ್ಷಿತ, ಆಯಾ ದಿನದ ಶಕ್ತಿಗೆ ತಕ್ಕಂತೆ ಇರಲಿ ಎಂಬುದು ಅದರ ಸಾರ. ಎಚ್ಚರ ಬೇಡವೆಂದಲ್ಲ. ಜ್ವರವಿದ್ದರೆ ವಿಶ್ರಾಂತಿ. ಪ್ಲೇಟ್‌ಲೆಟ್ ತೀರಾ ಕಡಿಮೆಯಿದ್ದಾಗ ಬೀಳುವ, ಬಡಿಯುವ ಆಟ ಬೇಡ, ಹಾಸಿಗೆಯ ಪಕ್ಕ ನಿಲ್ಲುವುದು, ವಾರ್ಡಿನೊಳಗೆ ನಡೆಯುವುದು ಸಾಧ್ಯವೇ ಎಂದು ವೈದ್ಯರನ್ನು ಕೇಳಬೇಕು. ದೇಹದ ಹೊರಗೆ ಉಳಿಯುವ ನಳಿಕೆ ಹಾಕಿದ್ದರೆ ಈಜು ಬೇಡ.

ನಮ್ಮಲ್ಲೂ ಕೆಲಸ ಆಗಿದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 1991ರಲ್ಲೇ ಚಿಕಿತ್ಸೆ ಮುಗಿಸಿದ ಮಕ್ಕಳಿಗಾಗಿ ‘ಆಕ್ಟ್’ ಕ್ಲಿನಿಕ್ ತೆರೆಯಿತು. ಗುಣವಾದ ತರುಣರದೇ ‘ಉಗಮ್’ ಬಳಗ 2009ರಲ್ಲಿ ಹುಟ್ಟಿತು. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನ, ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಯೋಗದ ಪರಿಣಾಮವನ್ನು ಅಳೆದು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟಿಸಿತು. ಕ್ರಿಕೆಟಿಗ ಯುವರಾಜ್ ಸಿಂಗ್ 2012ರ ಮೊದಲ ತಿಂಗಳುಗಳಲ್ಲಿ ಅಮೆರಿಕದಲ್ಲಿ ಕೀಮೊ ಪಡೆದು ಅದೇ ಸೆಪ್ಟೆಂಬರ್‌ನಲ್ಲಿ ಭಾರತ ತಂಡಕ್ಕೆ ಮರಳಿದ್ದನ್ನು ಎಲ್ಲರೂ ನೋಡಿದ್ದೇವೆ. ಆದರೆ ಬೆಂಗಳೂರಿನಲ್ಲಿ ಕೀಮೊ ಮುಗಿಸಿ ಊರಿಗೆ ಹೋಗುವ ಕಲಬುರಗಿಯ ಹುಡುಗನಿಗೆ ಯಾರು ತಾಲೀಮು ಹೇಳಿಕೊಡಬೇಕು? ಹದಿನೈದರಿಂದ ಮೂವತ್ತೊಂಬತ್ತರವರೆಗಿನವರನ್ನು ಕ್ಯಾನ್ಸರ್ ತಜ್ಞರು ಪ್ರತ್ಯೇಕ ಗುಂಪಾಗಿ ಎಣಿಸುತ್ತಾರೆ. ಮಕ್ಕಳ ವಾರ್ಡಿಗೆ ದೊಡ್ಡವರು, ದೊಡ್ಡವರ ವಾರ್ಡಿಗೆ ಚಿಕ್ಕವರು ಎನಿಸಿಕೊಂಡು ಹೆಚ್ಚು ಕೈತಪ್ಪಿ ಹೋಗುವವರು ಇವರೇ.

ದುಬಾರಿ ಯಂತ್ರ ಇದಕ್ಕೆ ಬೇಕಿಲ್ಲ. ಒಂದು ಚಾಪೆ, ರಬ್ಬರ್ ಪಟ್ಟಿ, ಓಡಾಡಲು ಕಾರಿಡಾರ್, ವಾರ್ಡಿಗೇ ಮೀಸಲಾದ ಒಬ್ಬ ಫಿಸಿಯೋಥೆರಪಿಸ್ಟ್ ಇದ್ದರೆ ಆರಂಭಿಸಬಹುದು. ಕ್ಯಾನ್ಸರ್ ಆಸ್ಪತ್ರೆಗಳನ್ನು ನಡೆಸುವವರು ಆ ಹುದ್ದೆಯನ್ನು ಮಂಜೂರು ಮಾಡಲಿ, ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್‌ಗಳಿಗೆ ಈ ಮಕ್ಕಳ ಬಗ್ಗೆ ತರಬೇತಿ ಕೊಡಲಿ. ತಂದೆತಾಯಂದಿರು ಮೊದಲ ಕೀಮೊ ದಿನವೇ ವೈದ್ಯರನ್ನು ಕೇಳಿ: ನನ್ನ ಮಗು ಇವತ್ತು ಎಷ್ಟು ನಡೆಯಬಹುದು? ಚಿಕಿತ್ಸೆ ಮುಗಿದು ಮನೆಗೆ ಹೊರಡುವಾಗ, ಯಾವ ಔಷಧಿ ಒಟ್ಟು ಎಷ್ಟು ಹೋಗಿದೆ, ಹೃದಯದ ಎಕೋ ಮತ್ತೆ ಯಾವಾಗ ಮಾಡಿಸಬೇಕು, ಯಾವ ವ್ಯಾಯಾಮ ಮಾಡಬೇಕು ಎಂಬುದನ್ನು ಬರೆಸಿಕೊಂಡು ಆ ಕಾಗದವನ್ನು ಜೋಪಾನವಾಗಿಡಿ.