ತೇರು, ಮದುವೆಗೆ ಸ್ಯಾಕ್ಸೋಫೋನ್: ಫಾರಿನ್ ವಾದ್ಯ ದೇವರ ಮುಂದೆ ಬಂದಿದ್ದು ಹೇಗೆ? ಇಲ್ಲಿದೆ ಮಾಹಿತಿ

ಅಂಜನಾಪುರ (ಶಿಕಾರಿಪುರ): ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ಕಸ ಹೊಡೆದು, ದೇವರ ಫೋಟೋಗೆ ಊದಿನಕಡ್ಡಿ ಹಚ್ಚಿದ ಮೇಲೆ ಮೊಬೈಲ್‌ನಲ್ಲಿ ಭಕ್ತಿಗೀತೆ ಹಾಕೋದು ವಾಡಿಕೆ. ಎಷ್ಟೋ ಸಲ ಅದರಲ್ಲಿ ಹಾಡುವವರ ದನಿಯೇ ಇರಲ್ಲ, ಬರೀ ಸ್ಯಾಕ್ಸೋಫೋನ್. ಆದರೂ ಕೇಳಿದ ಕೂಡಲೇ ಇದು ಇಂಥ ದಾಸರ ಪದ ಅಂತ ಗೊತ್ತಾಗುತ್ತೆ. ಮಾತಿಲ್ಲದ ವಾದ್ಯ ಇದನ್ನು ಹೇಗೆ ಮಾಡುತ್ತೆ? ನುಡಿಸುವವರನ್ನು ಕರೆಸುವಾಗ ಏನು ಕೇಳಬೇಕು?

ಎಲ್ಲಿಯ ವಾದ್ಯ?

ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬುವರು ಇದನ್ನು ತಯಾರಿಸಿ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದರು. ಅವರ ಹೆಸರೇ ವಾದ್ಯಕ್ಕೂ ಬಂತು. ಮೊದಲು ಮಿಲಿಟರಿ ಬ್ಯಾಂಡಿಗೆ ಸೇರಿತು, ಆಮೇಲೆ ಅಮೆರಿಕದ ಜಾಸ್ ಸಂಗೀತಕ್ಕೆ. ಮೈಯೆಲ್ಲ ಹಿತ್ತಾಳೆಯಾದರೂ ಸ್ವರ ಹುಟ್ಟೋದು ಬಾಯಿಗೆ ಇಟ್ಟುಕೊಳ್ಳುವ ತುದಿಯಲ್ಲಿರುವ ರೀಡ್‌ನಿಂದ. ಅದು ಜೊಂಡಿನ ಒಂದು ತೆಳು ಪಟ್ಟಿ.

ನಮ್ಮ ನಾಗಸ್ವರದಲ್ಲಿ ಆ ಕೆಲಸ ಮಾಡೋದು ಸೀವಾಳಿ. ಎರಡೂ ವಾದ್ಯ ಮೇಲಿಂದ ಕೆಳಕ್ಕೆ ಅಗಲ ಆಗುತ್ತಾ ಹೋಗುವ ಕೊಳವೆಗಳೇ. ಎರಡರ ದನಿಯೂ ಬಯಲಲ್ಲಿ ದೂರಕ್ಕೆ ಕೇಳುತ್ತೆ. ಒಂದು ದೊಡ್ಡ ವ್ಯತ್ಯಾಸ ಇದೆ: ನಾಗಸ್ವರದ ತೂತನ್ನು ಬೆರಳಿಂದಲೇ ಅರ್ಧ ಮುಚ್ಚಿ, ಕಾಲು ಮುಚ್ಚಿ ಸ್ವರ ಜಾರಿಸಬಹುದು. ಸ್ಯಾಕ್ಸೋಫೋನ್‌ನಲ್ಲಿ ತೂತು ಮುಚ್ಚೋದು ಕೀಲಿಗಳು. ಹಾಗಾಗಿ ನಮ್ಮ ಸಂಗೀತದ ಜೀವವಾದ ಗಮಕ ಇದರಲ್ಲಿ ಸುಲಭಕ್ಕೆ ಬರಲ್ಲ. ತುಟಿ, ಉಸಿರು, ಬೆರಳು ಮೂರನ್ನೂ ವರ್ಷಗಟ್ಟಲೆ ಪಳಗಿಸಬೇಕು.

ಪಳಗಿಸಿದವರು ಕದ್ರಿ ಗೋಪಾಲನಾಥ್

ದಕ್ಷಿಣ ಕನ್ನಡ ಜಿಲ್ಲೆ ಬಂಟ್ವಾಳ ತಾಲ್ಲೂಕಿನ ಸಜೀಪದವರು. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು, ಮಗನಿಗೂ ಮೊದಲು ಕಲಿಸಿದ್ದು ಅದನ್ನೇ. ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕೇಳಿದ ಹುಡುಗ ಅದಕ್ಕೆ ಮನಸೋತರು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಮದ್ರಾಸ್‌ನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಕಲಿತರು. 1980ರಲ್ಲಿ ಬಾಂಬೆ ಜಾಸ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದ ಮೇಲೆ ಹೊರದೇಶದಲ್ಲೂ ಹೆಸರಾಯಿತು. 1994ರಲ್ಲಿ ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಕಛೇರಿ ಕೊಟ್ಟರು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

ಇಂದು ಕರಾವಳಿಯಲ್ಲಿ ದೇವಸ್ಥಾನದ ಉತ್ಸವ, ಮದುವೆ, ದೈವದ ನೇಮ ಎಲ್ಲದಕ್ಕೂ ಸ್ಯಾಕ್ಸೋಫೋನ್ ಇದೆ.

ಮಾತಿಲ್ಲ, ಆದರೆ ಹಾಡಿದೆ

ಭಕ್ತಿ ಸಂಗೀತದ ಸೋಲೋ ಅಂದರೆ ಒಬ್ಬರೇ ಕೂತು ಊದೋದು ಅಂತಲ್ಲ. ಶ್ರುತಿ ಇರುತ್ತೆ, ತವಿಲ್ ಅಥವಾ ಮೃದಂಗ ಇರುತ್ತೆ. ಹಾಡುವವರ ಜಾಗದಲ್ಲಿ ವಾದ್ಯ ಇರುತ್ತೆ, ಅಷ್ಟೇ. ಒಳ್ಳೆಯ ವಾದಕರಿಗೆ ಪದದ ಸಾಹಿತ್ಯ ಬಾಯಿಪಾಠ ಇರಬೇಕು. ಎಲ್ಲಿ ಅಕ್ಷರ ಎಳೆಯಬೇಕು, ಎಲ್ಲಿ ಉಸಿರು ತಗೋಬೇಕು ಅನ್ನೋದು ಆ ಮಾತಿನಿಂದಲೇ ತೀರ್ಮಾನ ಆಗೋದು. ಟ್ಯೂನ್ ಮಾತ್ರ ಗೊತ್ತಿದ್ದರೆ ಪದದ ಮಧ್ಯೆ ಉಸಿರು ಕಡಿದು ಅರ್ಥವೇ ಕೆಡುತ್ತೆ.

ಬೇರೆ ದೇಶದಲ್ಲೂ ಇದೇ ದಾರಿ ಹಿಡಿದವರಿದ್ದಾರೆ. ಅಮೆರಿಕದ ಜಾನ್ ಕೋಲ್ಟ್ರೇನ್ 1964ರಲ್ಲಿ ರೆಕಾರ್ಡ್ ಮಾಡಿದ ‘ಎ ಲವ್ ಸುಪ್ರೀಮ್’ ದೇವರಿಗೆ ಅರ್ಪಿಸಿದ ಆಲ್ಬಂ. ಅದರ ಕೊನೆಯ ಭಾಗದಲ್ಲಿ ತಾವೇ ಬರೆದ ಪ್ರಾರ್ಥನೆಯನ್ನು ಬಾಯಲ್ಲಿ ಹೇಳದೆ ಸ್ಯಾಕ್ಸೋಫೋನ್‌ನಲ್ಲೇ ನುಡಿಸಿದ್ದಾರೆ.

ವಾಲಗದವರು ಇಲ್ಲದಿದ್ದರೆ?

ದೇವರ ಮುಂದೆ ವಾದ್ಯ ನುಡಿಸೋದು ನಮ್ಮ ತಾಲ್ಲೂಕಿಗೆ ಹೊಸದಲ್ಲ. ಬಳ್ಳಿಗಾವಿಯ ಅಲ್ಲಮಪ್ರಭು ದೇವಸ್ಥಾನದಲ್ಲಿ ಮದ್ದಳೆ ನುಡಿಸುತ್ತಿದ್ದರು ಅಂತ ಹಳೆಯ ಕಾವ್ಯಗಳು ಹೇಳುತ್ತವೆ. ಈಗ ವಾಲಗದವರ ಬದಲು ಪೆನ್‌ಡ್ರೈವ್ ಹಾಕಿದರೆ ಖರ್ಚು ಉಳಿಯುತ್ತೆ ನಿಜ. ಆದರೆ ಮಾಂಗಲ್ಯಧಾರಣೆ ಹೊತ್ತಲ್ಲಿ ಪುರೋಹಿತರು ಕೈ ಎತ್ತಿದ ಕೂಡಲೇ ಗಟ್ಟಿಮೇಳ ಶುರುವಾಗಬೇಕು. ತೇರು ನಿಂತರೆ ಪದ ಬೆಳೆಸಬೇಕು, ಹೊರಟರೆ ಲಯ ಏರಿಸಬೇಕು. ಪೆನ್‌ಡ್ರೈವ್‌ಗೆ ಕಣ್ಣಿಲ್ಲ.

ಇನ್ನೊಂದು ಮಾತು. ಗೋಪಾಲನಾಥ್‌ಗೆ ಗಮಕದ ರುಚಿ ಹತ್ತಿದ್ದು ಮನೆಯ ನಾಗಸ್ವರದಿಂದ. ನಾಗಸ್ವರ, ಶಹನಾಯಿ ನುಡಿಸುವ ಮನೆಗಳು ಕಸುಬು ಬಿಟ್ಟರೆ ನಾಳೆ ಸ್ಯಾಕ್ಸೋಫೋನ್ ಹಿಡಿಯುವ ಹುಡುಗರಿಗೆ ಟ್ಯೂನ್ ಸಿಗುತ್ತೆ, ಹಾಡು ಸಿಗಲ್ಲ. ಸ್ಯಾಕ್ಸೋಫೋನ್ ಬೇಕು ಅನ್ನುವವರು ಊರಿನ ವಾಲಗದವರನ್ನು ಬಿಡದೆ ಇಬ್ಬರನ್ನೂ ಕರೆಸಿದರೆ ಎರಡೂ ಉಳಿಯುತ್ತೆ.

ಕರೆಸುವ ಮುನ್ನ ಕೇಳಿ

* ಜೊತೆಗೆ ತವಿಲ್, ತಾಳದವರು ಬರ್ತಾರಾ, ಒಟ್ಟು ಎಷ್ಟು ಜನ?
* ದಾಸರ ಪದ, ವಚನ, ದೇವಿ ಸ್ತುತಿ ಯಾವುದೆಲ್ಲ ಬರುತ್ತೆ? ಫೋನ್‌ನಲ್ಲೇ ಒಂದು ಪದ ನುಡಿಸಿ ಕೇಳಿಸಲು ಹೇಳಿ.
* ಮೆರವಣಿಗೆಯಾದರೆ ಎಷ್ಟು ದೂರ, ಎಷ್ಟು ಹೊತ್ತು? ಇದು ಉಸಿರಿನ ಕೆಲಸ, ನಡುವೆ ಬಿಡುವು ಕೊಡಲೇಬೇಕು.
* ಸಂಭಾವನೆ, ಅಡ್ವಾನ್ಸ್, ಗಾಡಿ ಖರ್ಚು, ಊಟ ಮೊದಲೇ ಮಾತಾಡಿಕೊಳ್ಳಿ.

ಅಂಗಡಿಯವರ ಗಮನಕ್ಕೆ: ಪುರಂದರದಾಸರ ಪದಕ್ಕೆ ಕಾಪಿರೈಟ್ ಇಲ್ಲ. ಆದರೆ ಅದನ್ನು ಯಾರೋ ನುಡಿಸಿದ ರೆಕಾರ್ಡಿಂಗ್‌ಗೆ ಪ್ರಕಟವಾದ ಮೇಲೆ 60 ವರ್ಷ ಕಾಪಿರೈಟ್ ಇರುತ್ತೆ. ಅಂಗಡಿ ಜಾಹೀರಾತಿನ ವಿಡಿಯೋಗೆ ಬಳಸುವುದಾದರೆ ಅನುಮತಿ ಬೇಕು. ಗೊತ್ತಿರುವ ವಾದಕರಿಗೆ ದುಡ್ಡು ಕೊಟ್ಟು, ಬಳಸಲು ಒಪ್ಪಿಗೆ ಬರೆಸಿಕೊಂಡು ನುಡಿಸಿಕೊಂಡರೆ ತಕರಾರು ಇರಲ್ಲ, ಅವರಿಗೂ ಒಂದು ಕೆಲಸ ಸಿಕ್ಕಂತಾಗುತ್ತೆ.