ಜೋನ್ಸ್ ಮನೆತನದ ಕಾಗದಗಳು: ಒಂದು ಚಾರಿತ್ರಿಕ ವಿಮರ್ಶೆ

ರಾಜರ ಶಾಸನಗಳೂ ಸರ್ಕಾರದ ದಫ್ತರಗಳೂ ಚರಿತ್ರೆಗೆ ಆಧಾರಗಳೆಂಬುದು ಸರ್ವವಿದಿತ. ಆದರೆ ಒಂದು ಸಮಾಜವು ತನ್ನ ಮನೆಯೊಳಗೆ ಹೇಗೆ ಬಾಳಿತು, ಆಪತ್ತು ಬಂದಾಗ ತನ್ನ ನಡೆಯನ್ನು ತನಗೆ ತಾನೇ ಹೇಗೆ ಸಮರ್ಥಿಸಿಕೊಂಡಿತು ಎಂಬುದನ್ನು ತಿಳಿಯಲು ಮನೆಮಂದಿ ಒಬ್ಬರಿಗೊಬ್ಬರು ಬರೆದುಕೊಂಡ ಕಾಗದಗಳಷ್ಟು ಉತ್ತಮ ಸಾಧನ ಬೇರೊಂದಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದ ಜಾರ್ಜಿಯಾ ಪ್ರಾಂತದಲ್ಲಿದ್ದ ಜೋನ್ಸ್ ಮನೆತನದ ಪತ್ರರಾಶಿ ಇಂಥ ಸಾಧನಗಳಲ್ಲಿ ಅಗ್ರಗಣ್ಯವಾದುದು. ರಾಬರ್ಟ್ ಮ್ಯಾನ್ಸನ್ ಮೈಯರ್ಸ್ ಎಂಬ ವಿದ್ವಾಂಸನು ಇದರಲ್ಲಿ 1854ರಿಂದ 1868ರವರೆಗಿನ ಪತ್ರಗಳನ್ನು ಆರಿಸಿ, ಶೋಧಿಸಿ, 1972ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ ‘ದಿ ಚಿಲ್ಡ್ರನ್ ಆಫ್ ಪ್ರೈಡ್’ ಎಂಬ ಬೃಹದ್ಗ್ರಂಥವಾಗಿ ಪ್ರಕಟಿಸಿದನು. ‘ಗರ್ವದ ಮಕ್ಕಳು’ ಎಂಬರ್ಥದ ಈ ಹೆಸರನ್ನು ಬೈಬಲಿನ ಯೋಬನ ಗ್ರಂಥದಿಂದ ತೆಗೆದುಕೊಳ್ಳಲಾಗಿದೆ.

ಈ ಮನೆಯ ಯಜಮಾನ ಚಾರ್ಲ್ಸ್ ಕಾಲ್ಕಾಕ್ ಜೋನ್ಸ್ (1804–1863) ಪ್ರೆಸ್ಬಿಟೀರಿಯನ್ ಪಂಥದ ಪಾದ್ರಿ. ಸಮುದ್ರತೀರದ ಲಿಬರ್ಟಿ ಜಿಲ್ಲೆಯಲ್ಲಿ ಮಾಂಟೆವಿಡಿಯೊ, ಆರ್ಕೇಡಿಯ, ಮೇಬ್ಯಾಂಕ್ ಎಂಬ ಮೂರು ದೊಡ್ಡ ಜಮೀನುಗಳ ಒಡೆಯ. ಬತ್ತವೂ ಉದ್ದ ಎಳೆಯ ಹತ್ತಿಯೂ ಅಲ್ಲಿನ ಬೆಳೆಗಳು. ಆ ಬೆಳೆಗಳನ್ನು ತೆಗೆಯುತ್ತಿದ್ದವರು ನೂರಕ್ಕೆ ಮೀರಿದ ಗುಲಾಮರು. ‘ಸ್ವಾತಂತ್ರ್ಯ’ವೆಂಬ ಅರ್ಥದ ಹೆಸರನ್ನು ಹೊತ್ತ ಜಿಲ್ಲೆಯಲ್ಲಿ ದಾಸ್ಯವು ಹೀಗೆ ಬೇರೂರಿತ್ತು. ಜೋನ್ಸನ ಪತ್ನಿ ಮೇರಿ. ಹಿರಿಯ ಮಗ ಕಿರಿಯ ಚಾರ್ಲ್ಸ್ ಹಾರ್ವರ್ಡಿನಲ್ಲಿ ನ್ಯಾಯಶಾಸ್ತ್ರ ಕಲಿತು ಸವಾನ ನಗರದಲ್ಲಿ ವಕೀಲನಾದನು. ಎರಡನೆಯವನಾದ ಜೋಸೆಫ್ ವೈದ್ಯನಾದನು. ಮಗಳು ಮೇರಿ ಶಾರ್ಪ್ ಪಾದ್ರಿ ಮ್ಯಾಲರ್ಡನನ್ನು ವರಿಸಿದಳು. ಮಕ್ಕಳು ಮನೆಬಿಟ್ಟು ದೂರ ನೆಲಸಿದುದರಿಂದಲೇ ಕಾಗದಗಳು ಬೆಳೆದವು.

ಈ ಪತ್ರಗಳನ್ನು ಓದುವವನು ಮೊದಲೇ ಅರಿತಿರಬೇಕಾದ ಒಂದು ಸಂಗತಿಯುಂಟು. ಗುಲಾಮರಿಗೆ ಓದುಬರಹ ಕಲಿಸುವುದನ್ನು ಜಾರ್ಜಿಯಾ ಪ್ರಾಂತವು 1829ರ ಕಾಯಿದೆಯಿಂದ ನಿಷೇಧಿಸಿತ್ತು. ಪಾದ್ರಿ ಜೋನ್ಸನು ಗುಲಾಮರಿಗೆ ಧರ್ಮಬೋಧೆ ಮಾಡುವುದನ್ನೇ ಬಾಳಿನ ವ್ರತವಾಗಿ ಹಿಡಿದವನು. 1842ರಲ್ಲಿ ಆ ವಿಷಯದ ಮೇಲೆ ಗ್ರಂಥವನ್ನೂ ಬರೆದನು. ಆದರೆ ಅವನ ಬೋಧೆಯೆಲ್ಲ ಬಾಯಿಪಾಠದ ಬೋಧೆ. ಪ್ರಶ್ನೋತ್ತರಗಳನ್ನು ಅವನು ಓದಿ ಹೇಳಬೇಕು, ಅವರು ಕೇಳಿ ಒಪ್ಪಿಸಬೇಕು. ದೇವರ ವಾಕ್ಯವನ್ನು ಕೊಡಬಹುದು, ಅಕ್ಷರವನ್ನು ಕೊಡಕೂಡದು. ಹೀಗೆ ಒಂದೇ ನೆಲದಲ್ಲಿ ಬಾಳಿದ ಎರಡು ಜನಗಳಲ್ಲಿ ಒಂದರ ಮಾತು ಮಾತ್ರ ಕಾಗದಕ್ಕೆ ಇಳಿಯಿತು. ಬೆಳೆಭೂಮಿಯಂತೆಯೇ ಬರಹವೂ ಒಡೆಯರ ಸ್ವತ್ತಾಗಿತ್ತು.

ಯುದ್ಧಪೂರ್ವದ ಪತ್ರಗಳಲ್ಲಿ ಕಾಣುವುದು ಸುಖಸಂಸಾರದ ಚಿತ್ರ. ಮಳೆಬೆಳೆ, ಜ್ವರ, ಪ್ರಸವ, ಪ್ರಾರ್ಥನೆ, ಮಗನಿಗೆ ತಂದೆಯ ಹಿತೋಪದೇಶ, ತಾಯಿಯ ತೋಟದ ಹೂಗಳು, ಇವೇ ಅಲ್ಲಿನ ವಿಷಯಗಳು. ಶೈಲಿ ಗಂಭೀರ, ವಾತ್ಸಲ್ಯ ನಿಷ್ಕಪಟ. ಅನೇಕ ಪತ್ರಗಳ ಕೊನೆಗೆ ಮನೆಯ ಆಳುಗಳು ನಮಸ್ಕಾರ ಹೇಳಿದ್ದಾರೆಂಬ ಒಂದು ಸಾಲಿರುತ್ತದೆ. ಒಡೆಯರ ಪತ್ರದಲ್ಲಿ ಗುಲಾಮರ ಮಾತಿಗೆ ಸಾಮಾನ್ಯವಾಗಿ ದೊರೆತ ಸ್ಥಳ ಅಷ್ಟೇ.

ಈ ಚಿತ್ರದಲ್ಲಿನ ಬಿರುಕು 1856ರಲ್ಲಿ ಕಾಣಿಸಿಕೊಳ್ಳುತ್ತದೆ. ಫೀಬಿ ಎಂಬ ದಾಸಿಯ ಮಗಳು ಜೇನ್ ಓಡಿಹೋಗಿ ಸವಾನ ನಗರದಲ್ಲಿ ತಲೆಮರೆಸಿಕೊಂಡಿದ್ದಳು. ಅವಳು ಸಿಕ್ಕಿಬಿದ್ದಳು. ಆಗ ಜೋನ್ಸನು ಅವಳನ್ನೂ, ಫೀಬಿಯನ್ನೂ, ಫೀಬಿಯ ಗಂಡ ಕ್ಯಾಸಿಯಸನನ್ನೂ ಸಂಸಾರಸಹಿತ ಮಾರಿಬಿಡಲು ನಿಶ್ಚಯಿಸಿದನು. ಸಂಸಾರವನ್ನು ಚದುರಿಸದೆ ಒಟ್ಟಿಗೆ ಮಾರಬೇಕೆಂಬುದೇ ಅವನ ಧರ್ಮಬುದ್ಧಿಗೆ ತೋರಿದ ದಯೆ. ಮಾರಾಟದ ವ್ಯವಹಾರವನ್ನು ನಡೆಯಿಸಿದವನು ವಕೀಲ ಮಗ. ಮಾರಿದವರು ಕೊನೆಗೆ ದೂರದ ನ್ಯೂ ಆರ್ಲಿಯನ್ಸ್ ಪಟ್ಟಣವನ್ನು ಮುಟ್ಟಿದರು.

ಅಲ್ಲಿಂದ 1857ರ ಮಾರ್ಚಿಯಲ್ಲಿ ಫೀಬಿ, ಕ್ಯಾಸಿಯಸರ ಹೆಸರಿನಲ್ಲಿ ಒಂದು ಕಾಗದ ಬಂದಿತು. ಬರೆದ ಕೈ ಯಾರದೇ ಆಗಿರಲಿ, ಮಾತು ಅವರದು. ಹಿಂದೆ ಉಳಿದ ಹೆಣ್ಣುಮಕ್ಕಳಿಗೆ ಕ್ಷೇಮಸಮಾಚಾರ ಹೇಳಿ, ಅವರ ಅಕ್ಕತಂಗಿಯರಲ್ಲಿ ಒಬ್ಬಳಾದ ಜೇನ್ ಫೆಬ್ರವರಿಯಲ್ಲಿ ತೀರಿಕೊಂಡಳೆಂದು ಅದು ತಿಳಿಸುತ್ತದೆ. ತಮ್ಮನ್ನು ಮಾರಿದ್ದು ಹಗೆಯಿಂದಲೇ ಎಂದು ನೇರವಾಗಿ ಹೇಳುತ್ತದೆ. ಯಜಮಾನನು ದಯೆಯೆಂದು ಕರೆದುದನ್ನು ಮಾರಲ್ಪಟ್ಟವರು ಬೇರೆ ಹೆಸರಿನಿಂದ ಕರೆದಿದ್ದಾರೆ. ಜೋನ್ಸ್ ಮನೆತನದವರ ಕಾಗದಗಳ ನಡುವೆಯೇ ಉಳಿದುಬಂದಿರುವ ಈ ಸಣ್ಣ ಪತ್ರವು ಉಳಿದ ಸಾವಿರಾರು ಪತ್ರಗಳನ್ನು ಓದಲು ಬೇಕಾದ ಬೀಗದಕೈಯಂತಿದೆ.

ಮುಂದೆ ಯುದ್ಧ ಬಂದಿತು. 1860ರಲ್ಲಿ ಸವಾನ ನಗರದ ಮೇಯರಾದ ಕಿರಿಯ ಚಾರ್ಲ್ಸನು ದಕ್ಷಿಣ ಪ್ರಾಂತಗಳು ಪ್ರತ್ಯೇಕವಾಗುವುದನ್ನು ಉತ್ಸಾಹದಿಂದ ಬೆಂಬಲಿಸಿದನು. ವೃದ್ಧ ತಂದೆಯೂ ಅದನ್ನು ದೈವಸಮ್ಮತವೆಂದೇ ಬಗೆದನು. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು. ಆ ವರ್ಷದ ಜುಲೈಯಲ್ಲಿ ಚಾರ್ಲ್ಸನ ಪತ್ನಿ ರೂತ್‌ಳೂ ಒಬ್ಬ ಪುಟ್ಟ ಮಗಳೂ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಉಳಿದ ಹಸುಗೂಸನ್ನು ಅಜ್ಜಿ ಮೇರಿ ಸಾಕಿದಳು. ಚಾರ್ಲ್ಸನು ಫಿರಂಗಿದಳವನ್ನು ಸೇರಿದನು. ಪಾಳೆಯದಿಂದ ಮನೆಗೂ ಮನೆಯಿಂದ ಪಾಳೆಯಕ್ಕೂ ಹರಿದ ಕಾಗದಗಳಲ್ಲಿ ಸೇನೆಯ ಸುದ್ದಿ, ಕೂಸಿನ ಹಲ್ಲು, ಉಪ್ಪಿನ ಅಭಾವ, ದೇವರ ಚಿತ್ತ ಎಲ್ಲವೂ ಒಂದರೊಡನೊಂದು ಬೆರೆತುಕೊಂಡಿವೆ.

1862ರ ಬೇಸಗೆಯಲ್ಲಿ ಲಿಬರ್ಟಿ ಜಿಲ್ಲೆಯ ಗುಲಾಮರು ತೀರದಲ್ಲಿ ನಿಂತಿದ್ದ ಉತ್ತರದವರ ಯುದ್ಧನೌಕೆಗಳನ್ನು ಹುಡುಕಿಕೊಂಡು ಓಡತೊಡಗಿದರು. ಐವತ್ತರಷ್ಟು ಜನ ಹೀಗೆ ಹೋದರೆಂದು ಪಾದ್ರಿ ಜೋನ್ಸನು ಜುಲೈಯಲ್ಲಿ ಮಗನಿಗೆ ಬರೆದನು. ಇವರು ಶತ್ರುವಿಗೆ ದಾರಿತೋರಿಸುವ ದ್ರೋಹಿಗಳಲ್ಲವೆ, ಇವರಿಗೆ ಯಾವ ಕಾನೂನಿನಿಂದ ಶಿಕ್ಷೆ ವಿಧಿಸಬಹುದು ಎಂದು ವಕೀಲ ಮಗನನ್ನು ಕೇಳಿದನು. ದ್ರೋಹವೆಂಬ ಅಪರಾಧ ರಾಷ್ಟ್ರದ ಪ್ರಜೆಗೆ ಮಾತ್ರ ಸಲ್ಲುವುದು. ಸ್ವತ್ತು ದ್ರೋಹ ಬಗೆಯಲಾರದು. ತಾನು ಸ್ವತ್ತೆಂದು ಕೊಂಡು ಮಾರಿದವರನ್ನು ದ್ರೋಹಿಗಳೆಂದು ಕರೆದಾಗ ಅವರ ಮನುಷ್ಯತ್ವವನ್ನು ಅವನ ಲೇಖನಿಯೇ ಒಪ್ಪಿಕೊಂಡಂತಾಯಿತು. 1863ರ ಮಾರ್ಚಿ 16ರಂದು ಅವನು ಕಾಲವಾದನು.

1864ರ ಡಿಸೆಂಬರಿನಲ್ಲಿ ಸೇನಾಪತಿ ಷರ್ಮನನ ಕುದುರೆಸವಾರರು ಕಿಲ್‌ಪ್ಯಾಟ್ರಿಕನ ನಾಯಕತ್ವದಲ್ಲಿ ಲಿಬರ್ಟಿ ಜಿಲ್ಲೆಗೆ ನುಗ್ಗಿದರು. ಅಳಿಯ ಮ್ಯಾಲರ್ಡನು ಸೆರೆಸಿಕ್ಕಿದನು. ಮಾಂಟೆವಿಡಿಯೊದ ಮನೆಯಲ್ಲಿ ತಾಯಿಯೂ ತುಂಬುಗರ್ಭಿಣಿಯಾದ ಮಗಳೂ ಲೂಟಿಯ ನಡುವೆ ಸಿಕ್ಕಿಕೊಂಡರು. 1865ರ ಜನವರಿ 4ರಂದು ಅಲ್ಲಿಯೇ ಶಿಶುವೊಂದು ಜನಿಸಿತು. ಟಪಾಲು ನಿಂತುಹೋದುದರಿಂದ ತಾಯಿಮಗಳಿಬ್ಬರೂ ದಿನಚರಿ ಬರೆದರು. ಅವರ ಧೈರ್ಯ ನಿಜವಾದುದು, ಸಂಕಟವೂ ನಿಜವಾದುದು. ಆದರೆ ಲೂಟಿಯಾದದ್ದು ದೊಡ್ಡಮನೆ ಮಾತ್ರವಲ್ಲ. ತಮ್ಮ ಪಾಲಿನ ಕೆಲಸ ಮುಗಿದ ಮೇಲೆ ದುಡಿದು ಗುಲಾಮರು ಗಳಿಸಿದ್ದ ಹಂದಿ, ಕೋಳಿ, ಧಾನ್ಯ, ಕುದುರೆಗಳೂ ಹೋದುವು. ರಾಷ್ಟ್ರಸಭೆಯು 1871ರಲ್ಲಿ ಏರ್ಪಡಿಸಿದ ದಕ್ಷಿಣದ ಹಕ್ಕುದಾವೆಗಳ ಆಯೋಗದ ಮುಂದೆ ಈ ಜಿಲ್ಲೆಯ ಮಾಜಿ ಗುಲಾಮರು ಪ್ರಮಾಣ ಮಾಡಿ ನುಡಿದ ಸಾಕ್ಷ್ಯಗಳು ಉಳಿದಿವೆ. ಒಂದೇ ದಾಳಿಯನ್ನು ಎರಡು ಬಾಗಿಲುಗಳಿಂದ ನೋಡುವ ಅವಕಾಶ ಚರಿತ್ರಕಾರನಿಗೆ ಹೀಗೆ ದೊರೆತಿದೆ.

ದಾಸ್ಯವು ಅಳಿದ ಮೇಲೆ ವಿಧವೆ ಮೇರಿ ಕೂಲಿಯ ಒಡಂಬಡಿಕೆಯ ಮೇಲೆ ಬೇಸಾಯ ನಡೆಸಲು ಪ್ರಯತ್ನಿಸಿದಳು. 1866ರಲ್ಲಿ ಒಡಂಬಡಿಕೆಯ ವಿಷಯದಲ್ಲಿ ಕೆಲಸಗಾರರಿಗೆ ಸಂಶಯ ಹುಟ್ಟಿತು. ವಿಮುಕ್ತರ ಹಿತರಕ್ಷಣೆಗಾಗಿ ಸರ್ಕಾರವು ನೇಮಿಸಿದ್ದ ಅಧಿಕಾರಿಯಿಂದ ಅದನ್ನು ಪರೀಕ್ಷೆಮಾಡಿಸಿದರು. ತನ್ನ ಮಾತನ್ನು ಸಂಶಯಿಸಿದ್ದೇ ತನಗಾದ ಪರಮಾಪಮಾನವೆಂದು ಅವಳು ಮಗಳಿಗೆ ಬರೆದಳು. ಆಕೆಯ ನೋವು ಕಪಟವಲ್ಲ. ಆದರೆ ಅಕ್ಷರದಿಂದ ದೂರವಿಡಲ್ಪಟ್ಟವರು ಒಡತಿಯ ಬಾಯಿಮಾತನ್ನು ನಂಬದೆ ಬರೆದ ಪತ್ರದಲ್ಲೇನಿದೆಯೆಂದು ಕೇಳಿದ ಆ ದಿನ ಹಳೆಯ ವ್ಯವಸ್ಥೆ ನಿಜವಾಗಿ ಮುಗಿಯಿತೆನ್ನಬಹುದು. 1868ರಲ್ಲಿ ಅವಳು ಊರು ಬಿಟ್ಟು ನ್ಯೂ ಆರ್ಲಿಯನ್ಸಿನಲ್ಲಿದ್ದ ಮಗಳ ಮನೆ ಸೇರಿ, 1869ರಲ್ಲಿ ಅಲ್ಲಿಯೇ ಮೃತಳಾದಳು. ಫೀಬಿಯ ಕಾಗದ ಬಂದ ಪಟ್ಟಣವೂ ಅದೇ.

ಮಕ್ಕಳಲ್ಲಿ ಬರಹದ ವಾಸನೆ ಮುಂದುವರಿಯಿತು. ಕಿರಿಯ ಚಾರ್ಲ್ಸನು 1883ರಲ್ಲಿ ಜಾರ್ಜಿಯಾ ಪ್ರಾಂತದ ಚರಿತ್ರೆಯನ್ನು ಪ್ರಕಟಿಸಿದನು. 1888ರಲ್ಲಿ ಆ ತೀರದ ಕರಿಯರ ಕಥೆಗಳನ್ನು ಅವರ ಆಡುನುಡಿಯಲ್ಲಿಯೇ ಅಚ್ಚುಮಾಡಿಸಿದನು. ಬರೆಯಲು ಬಿಡದೆ ಹೋದವರ ಬಾಯಿಮಾತು ಕೊನೆಗೆ ಒಡೆಯನ ಮಗನ ಕೈಯಿಂದಲೇ ಅಚ್ಚಿಗೆ ಬಂದಿತು. ಅರ್ಸ್ಕಿನ್ ಕ್ಲಾರ್ಕ್ ಎಂಬ ವಿದ್ವಾಂಸನು 2005ರಲ್ಲಿ ಪ್ರಕಟಿಸಿದ ‘ಡ್ವೆಲಿಂಗ್ ಪ್ಲೇಸ್’ ಎಂಬ ಗ್ರಂಥದಲ್ಲಿ ಈ ಮನೆತನದ ಪತ್ರಗಳನ್ನೂ ದಾಖಲೆಗಳನ್ನೂ ಆಧರಿಸಿ ಒಡೆಯರ ಸಂಸಾರದ ಪಕ್ಕದಲ್ಲಿ ಗುಲಾಮರ ಸಂಸಾರಗಳ ಚರಿತ್ರೆಯನ್ನೂ ತಲೆಮಾರುಗಳವರೆಗೆ ಹೆಣೆದು ತೋರಿಸಿದ್ದಾನೆ.

ಸಾಹಿತ್ಯದೃಷ್ಟಿಯಿಂದ ಈ ಪತ್ರಗಳು ಉತ್ತಮ ಗದ್ಯ. ಇವುಗಳಲ್ಲಿ ಕಾಣುವ ಪ್ರೀತಿ, ಭಕ್ತಿ, ಶೋಕಗಳು ಸುಳ್ಳಲ್ಲ. ಇವುಗಳ ಪಾಠವಿರುವುದೂ ಅಲ್ಲಿಯೇ. ಕ್ರೂರರು ಅನ್ಯಾಯ ಮಾಡಿದರೆಂದು ತಿಳಿಯಲು ಕಾಗದಗಳೇ ಬೇಕಾಗಿಲ್ಲ. ಸಜ್ಜನರೂ ಸುಶಿಕ್ಷಿತರೂ ದೈವಭೀರುಗಳೂ ಆದವರು ಅನ್ಯಾಯದ ನಡುವೆ ನಿಶ್ಚಿಂತರಾಗಿ ಬಾಳಿದ ಬಗೆಯನ್ನು ಅರಿಯಲು ಮಾತ್ರ ಇಂಥವೇ ಬೇಕು. ಆದುದರಿಂದ ಪತ್ರಸಂಗ್ರಹವನ್ನು ಶೋಧಿಸುವವರು ಬರೆದವರ ಮನಸ್ಸನ್ನು ಅರಿಯುವುದರೊಡನೆ, ಬರೆಯಬಾರದೆಂದು ತಡೆಯಲ್ಪಟ್ಟವರ ಮಾತು ಯಾವ ಸಾಲಿನ ಕೊನೆಯಲ್ಲಿ ಉಳಿದಿದೆಯೆಂಬುದನ್ನೂ ಹುಡುಕುವುದು ಅವಶ್ಯ.